ನಾಲ್ಕು ಅಡಿ ಅಕ್ವೇರಿಯಂಗೆ ಮರದ ಸ್ಟ್ಯಾಂಡ್: ತೂಕದ ಲೆಕ್ಕದಿಂದ ನೀರು ತುಂಬುವವರೆಗೆ

ಸ್ಟ್ಯಾಂಡ್ ಬೇಕಿದ್ದದ್ದು 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಗಾಜಿನ ತೊಟ್ಟಿಗೆ. ಮರ ಕೊಳ್ಳುವ ಮೊದಲೇ ತೂಕ ಕೂಡಿಸಿದೆವು. 10 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 25 ಕೆ.ಜಿ. ತೂಗುತ್ತದೆ. ತಳ ಮತ್ತು ನಾಲ್ಕು ಗೋಡೆ ಸೇರಿದರೆ ಎರಡು ಚದರ ಮೀಟರಿಗಿಂತ ತುಸು ಹೆಚ್ಚು, ಅಂದರೆ ಖಾಲಿ ತೊಟ್ಟಿಯೇ 50 ಕೆ.ಜಿ. ಒಳಗೆ ಹಿಡಿಯುವ ನೀರು ಸುಮಾರು 200 ಲೀಟರ್, ಅದು 200 ಕೆ.ಜಿ. ತಳದಲ್ಲಿ 5 ಸೆಂ.ಮೀ. ಮರಳು ಹರಡಿದರೆ 40 ಕೆ.ಜಿ., ಕಲ್ಲು ಜೋಡಿಸಿದರೆ ಇನ್ನೊಂದು 15 ಕೆ.ಜಿ., ದೀಪ, ಮುಚ್ಚಳ, ಫಿಲ್ಟರ್ ಎಲ್ಲ ಸೇರಿ 10 ಕೆ.ಜಿ. ಒಟ್ಟು 315 ಆಯಿತು. ಲೆಕ್ಕಕ್ಕೆ 320 ಕೆ.ಜಿ. ಎಂದು ಹಿಡಿದೆವು.

ಈ ಸಂಖ್ಯೆ ನೋಡಿ ಹೆದರಿ ಹೆಬ್ಬೆರಳು ದಪ್ಪದ ಬೋಲ್ಟು, ಆರು ಇಂಚಿನ ಕಂಬ ಎಂದು ಯೋಚಿಸುವವರೇ ಹೆಚ್ಚು. ಅದರ ಅಗತ್ಯವಿಲ್ಲ. 45×90 ಮಿ.ಮೀ. ಅಳತೆಯ ಒಂದು ಕಾಲಿನ ತಲೆ 4,050 ಚದರ ಮಿ.ಮೀ. ಇರುತ್ತದೆ. ಇಡೀ 320 ಕೆ.ಜಿ. ಒಂದೇ ಕಾಲಿನ ಮೇಲೆ ಕೂತರೂ ಚದರ ಮಿ.ಮೀ.ಗೆ 0.08 ಕೆ.ಜಿ. ಮಾತ್ರ. ಪೈನ್‌ನಂಥ ಮೆದು ಮರವೂ ಎಳೆಯ ಉದ್ದಕ್ಕೆ ಇದರ ಹಲವು ಪಟ್ಟು ತಡೆಯುತ್ತದೆ. ಕಾಲು ಜಜ್ಜಿಹೋಗಿ ಕುಸಿದ ಸ್ಟ್ಯಾಂಡ್ ಸಿಗುವುದು ಕಷ್ಟ. ಸ್ಟ್ಯಾಂಡ್ ಕೆಡುವುದು ಬೇರೆ ದಾರಿಗಳಲ್ಲಿ: ಮೇಲ್ಮೈ ತಿರುಚಿಕೊಂಡು ಗಾಜಿನ ಒಂದು ಮೂಲೆಗೆ ಆಸರೆ ತಪ್ಪುತ್ತದೆ, ಇಡೀ ಚೌಕಟ್ಟು ಪಕ್ಕಕ್ಕೆ ವಾಲುತ್ತದೆ, ಭಾರ ಮರದ ಮೇಲೆ ಕೂರದೆ ಸ್ಕ್ರೂಗಳಿಗೆ ಜೋತುಬೀಳುತ್ತದೆ, ಇಲ್ಲವೇ ಚೆಲ್ಲಿದ ನೀರು ತಳದಿಂದ ಮೇಲಕ್ಕೆ ಕೊಳೆಸುತ್ತ ಬರುತ್ತದೆ. ಹಾಗಾಗಿ ದಪ್ಪ ಮರಕ್ಕಿಂತ ನೇರವಾದ, ಒಣಗಿದ ಮರವನ್ನು ಹುಡುಕಿದೆವು. ಪ್ರತಿ ಜೋಡಣೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಂಡೆವು: ಇಲ್ಲಿರುವ ಸ್ಕ್ರೂಗಳನ್ನೆಲ್ಲ ಕಿತ್ತುಬಿಟ್ಟರೂ ಭಾರ ಮರದಿಂದ ಮರಕ್ಕೆ ಇಳಿದು ನೆಲ ಮುಟ್ಟುತ್ತದೆಯೇ?

ಬಾಗುವ ಲೆಕ್ಕ

ತೊಟ್ಟಿಯ ಅರ್ಧ ಭಾರ ಮುಂದಿನ ಉದ್ದ ಪಟ್ಟಿಗೆ, ಅರ್ಧ ಹಿಂದಿನದಕ್ಕೆ ಎಂದು ಹಿಡಿಯೋಣ. ತುದಿಯಲ್ಲಿ ಮಾತ್ರ ಕಾಲಿದ್ದು ನಡುವೆ 103 ಸೆಂ.ಮೀ. ಖಾಲಿ ಬಿಟ್ಟರೆ, 45×90ರ ಪೈನ್ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದಾಗ ನಡುಭಾಗ ಸುಮಾರು 0.8 ಮಿ.ಮೀ. ಬಾಗುತ್ತದೆ. ಅದೇ ಪಟ್ಟಿಯನ್ನು ಅಡ್ಡ ಮಲಗಿಸಿದರೆ 3 ಮಿ.ಮೀ. ದಾಟುತ್ತದೆ. ಮರ ಅಷ್ಟೇ, ಖರ್ಚು ಅಷ್ಟೇ. ಮಲಗಿಸಿದ ಮಾತ್ರಕ್ಕೆ ಬಿಗಿತ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಪಟ್ಟಿಯ ಬಿಗಿತ ಅದರ ಎತ್ತರದ ಘನಕ್ಕೆ ತಕ್ಕಂತೆ ಏರುವುದರಿಂದ, 45×140ರ ಪಟ್ಟಿ ಹಾಕಿದರೆ ಬಾಗುವುದು 0.2 ಮಿ.ಮೀ. ಆಸುಪಾಸಿಗೆ ಬರುತ್ತದೆ. ನಡುವೆ ಒಂದು ಕಾಲು ಕೊಟ್ಟರಂತೂ 45×90ರಲ್ಲೇ 0.05 ಮಿ.ಮೀ.ಗಿಂತ ಕಡಿಮೆ.

ಇವೆಲ್ಲ ಮೊದಲ ದಿನದ ಅಂಕಿಗಳು. ಭಾರ ಇಳಿಸದೆ ವರ್ಷಗಟ್ಟಲೆ ಹೊತ್ತ ಮರ ನಿಧಾನವಾಗಿ ಇನ್ನಷ್ಟು ಬಾಗುತ್ತ ಹೋಗುತ್ತದೆ, ತೇವವಿದ್ದಲ್ಲಿ ಇನ್ನೂ ಹೆಚ್ಚು. ಮೊದಲ ದಿನ 0.8 ಇದ್ದದ್ದು ಕಾಲಕ್ರಮದಲ್ಲಿ ಒಂದೂವರೆ ಮಿ.ಮೀ. ಆಗುತ್ತದೆ ಎಂದುಕೊಂಡೇ ವಿನ್ಯಾಸ ಮಾಡಬೇಕು. ನಾವು ನಡುಗಾಲನ್ನೇ ಆರಿಸಿಕೊಂಡೆವು.

ನಡುಗಾಲಿಗೆ ಒಂದು ಬೆಲೆ ತೆರಬೇಕು. ಮುಂಭಾಗ 47 ಸೆಂ.ಮೀ. ಅಗಲದ ಎರಡು ಬಾಗಿಲಾಗಿ ಒಡೆಯುತ್ತದೆ. ಒಳಗೆ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಫಿಲ್ಟರ್) ಇಡುವವರಿಗೆ ಇದರಿಂದ ತೊಂದರೆಯಿಲ್ಲ. ಕೆಳಗೆ ಸಂಪ್, ಅಂದರೆ ನೀರು ಸೋಸಲು ಸ್ಟ್ಯಾಂಡಿನೊಳಗೆ ಇಡುವ ಎರಡನೆಯ ತೊಟ್ಟಿ, ಇಡುವ ಯೋಚನೆಯಿದ್ದರೆ ಅದು ಒಳಗೇ ಹೋಗುವುದಿಲ್ಲ. ಹೇಗಾದರೂ ಮೊದಲೇ ಒಳಗಿಟ್ಟು ಕಟ್ಟಿದರೆ ಮುಂದೆ ತೊಳೆಯಲು ಹೊರಗೆ ಬರುವುದಿಲ್ಲ. ಸಂಪ್ ಇಡುವವರು ನಡುಗಾಲು ಬಿಟ್ಟು, ಮೇಲಿನ ಎರಡೂ ಉದ್ದ ಪಟ್ಟಿಗಳನ್ನು 45×140ಕ್ಕೆ ಏರಿಸುವುದು ಸರಿಯಾದ ದಾರಿ. ಆಗ ಕಾಲಿನ ಉದ್ದ 50 ಮಿ.ಮೀ. ಕಡಿಮೆಯಾಗುತ್ತದೆ, ಅಷ್ಟನ್ನು ಅಳತೆಯಲ್ಲಿ ಕಳೆಯಬೇಕು.

ಮರ

ಅಂಗಡಿಯಲ್ಲಿ ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಬೇಕು. ಬಿಲ್ಲಿನಂತೆ ತುಸು ಬಾಗಿದ್ದರೆ ನಡೆಯುತ್ತದೆ. ಉಬ್ಬಿದ ಬದಿಯನ್ನು ಕೀಸಿ ನೇರ ಮಾಡಬಹುದು. ಒಂದು ತುದಿಗೂ ಇನ್ನೊಂದು ತುದಿಗೂ ತಿರುಚಿಕೊಂಡದ್ದನ್ನು ಮಾತ್ರ ಮುಟ್ಟಬಾರದು. ತಿರುಚಿದ ಪಟ್ಟಿಯನ್ನು ಕ್ಲ್ಯಾಂಪಿನಿಂದ ಒತ್ತಿ ಸರಿಮಾಡಿ ಸ್ಕ್ರೂ ಹೊಡೆದರೂ ಅದು ತನ್ನ ಹಳೆಯ ಆಕಾರಕ್ಕೆ ಮರಳಲು ಸದಾ ಎಳೆಯುತ್ತಿರುತ್ತದೆ, ಆ ಎಳೆತ ನೇರವಾಗಿ ಗಾಜಿನ ತಳಕ್ಕೆ ಹೋಗುತ್ತದೆ. ಮರದ ನಡುತಿರುಳು ಕಾಣುವ ತುಂಡುಗಳು ಒಣಗುವಾಗ ಸೀಳುತ್ತವೆ, ಅವನ್ನೂ ಬಿಟ್ಟೆವು. ಉದ್ದ ಪಟ್ಟಿಯ ನಡುಭಾಗದಲ್ಲಿ ಕೆಳಗಿನ ಅಂಚಿಗೆ ದೊಡ್ಡ ಗಂಟು ಬರಬಾರದು, ಏಕೆಂದರೆ ಬಾಗುವಾಗ ಎಳೆತ ಬೀಳುವುದು ಅಲ್ಲಿಯೇ. ಅಂಥ ಗಂಟಿದ್ದರೆ ಪಟ್ಟಿಯನ್ನು ತಿರುವಿ ಗಂಟನ್ನು ಮೇಲಂಚಿಗೆ ತಂದರೆ ಸಾಕು, ಅಲ್ಲಿ ಅದು ಒತ್ತಿಕೊಂಡಿರುತ್ತದೆ.

ಒಣಗಿರುವುದು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ಮರ ಒಣಗಿದಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ಹಸಿಯಾಗಿ ತಂದ 90 ಮಿ.ಮೀ. ಪಟ್ಟಿ ಮನೆಯೊಳಗೆ ಪೂರ್ತಿ ಒಣಗುವ ಹೊತ್ತಿಗೆ 2ರಿಂದ 3 ಮಿ.ಮೀ. ಕುಗ್ಗಬಹುದು. ಸ್ಟ್ಯಾಂಡಿನ ಒಂದೊಂದು ಮೂಲೆಯಲ್ಲೂ ಇಂಥ ಎರಡು ಪಟ್ಟಿ ಒಂದರ ಮೇಲೊಂದಿವೆ, ಕೆಳಚೌಕಟ್ಟಿನದೊಂದು, ಮೇಲ್ಚೌಕಟ್ಟಿನದೊಂದು. ಮುಂದಿನದು ಒಣ ಮರ, ಹಿಂದಿನದು ಹಸಿ ಮರ ಆಗಿದ್ದರೆ ಕಟ್ಟಿದ ದಿನ ಸರಿಯಾಗಿದ್ದ ಮೇಲ್ಮೈ ಕೆಲವು ತಿಂಗಳಲ್ಲಿ 5 ಮಿ.ಮೀ. ಹಿಂದಕ್ಕೆ ವಾಲಿರುತ್ತದೆ. ಆ ಹೊತ್ತಿಗೆ ಮೇಲೆ ನೀರು ತುಂಬಿದ ತೊಟ್ಟಿ ಕೂತಿರುತ್ತದೆ. ಆದ್ದರಿಂದ ತೇವ ಅಳೆಯುವ ಮೀಟರ್ ಇಟ್ಟು 12 ಶೇಕಡಾ ಆಸುಪಾಸಿನ ಮರವನ್ನೇ ಆರಿಸಿ, ತಂದ ಮೇಲೆ ಸ್ಟ್ಯಾಂಡ್ ನಿಲ್ಲುವ ಕೋಣೆಯಲ್ಲಿಯೇ ನಡುವೆ ಚಕ್ಕೆ ಕೊಟ್ಟು ಗಾಳಿಯಾಡುವಂತೆ ಪೇರಿಸಿ ಎರಡು ವಾರ ಬಿಡುವುದು ಒಳ್ಳೆಯದು. ಮೀಟರ್ ಇಲ್ಲದಿದ್ದರೆ ಒಂದು ಚಿಕ್ಕ ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ದಿನ ಬಿಟ್ಟು ದಿನ ನೋಡಬೇಕು; ತೂಕ ಇಳಿಯುವುದು ನಿಂತರೆ ಮರ ಆ ಕೋಣೆಗೆ ಹೊಂದಿಕೊಂಡಿದೆ ಎಂದರ್ಥ.

ಪ್ಲೈವುಡ್ ನೀರು ತಾಳುವ ಮರೈನ್ ದರ್ಜೆಯದ್ದು. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎರಡನ್ನೂ ಪಕ್ಕಕ್ಕಿಟ್ಟೆವು. ಒಮ್ಮೆ ಅಂಚಿನಿಂದ ನೀರು ಕುಡಿದರೆ ಅವು ಉಬ್ಬುತ್ತವೆ, ಒಣಗಿದ ಮೇಲೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಅಕ್ವೇರಿಯಂ ಇರುವಲ್ಲಿ ಅಂಚಿಗೆ ನೀರು ತಗಲದೆ ಇರುವುದಿಲ್ಲ.

ಕತ್ತರಿಸುವ ಪಟ್ಟಿ

ಸ್ಟ್ಯಾಂಡಿನ ಚೌಕಟ್ಟು ತೊಟ್ಟಿಗಿಂತ ಎಲ್ಲ ಬದಿಗೂ 5 ಮಿ.ಮೀ. ದೊಡ್ಡದು: 1210×460 ಮಿ.ಮೀ. ಗಾಜು ಅಂಚಿನಿಂದ ಆಚೆ ಚಾಚಿದರೆ ಅಲ್ಲಿ ಆಸರೆಯೇ ಇರುವುದಿಲ್ಲ. ಒಟ್ಟು ಎತ್ತರ 750 ಮಿ.ಮೀ.: ಕೆಳಪಟ್ಟಿ 90, ಕಾಲು 552, ಮೇಲ್ಪಟ್ಟಿ 90, ಮೇಲಿನ ಪ್ಲೈವುಡ್ 18.

45×90 ಮಿ.ಮೀ. ಮರದಲ್ಲಿ:
ಉದ್ದ ಪಟ್ಟಿ 1210 ಮಿ.ಮೀ. – 4
ಅಡ್ಡ ಪಟ್ಟಿ 370 ಮಿ.ಮೀ. – 6
ಕಾಲು 552 ಮಿ.ಮೀ. – 6

45×45 ಮಿ.ಮೀ. ಮರದಲ್ಲಿ:
ಒಳಗಾಲು (ಅಡ್ಡ ಪಟ್ಟಿಯ ತುದಿಯ ಕೆಳಗೆ ನಿಲ್ಲುವುದು) 552 ಮಿ.ಮೀ. – 6
ಜೋಡುಪಟ್ಟಿ (ಚೌಕಟ್ಟು, ಕಾಲುಗಳನ್ನು ಒಟ್ಟಿಗೆ ಹಿಡಿಯುವುದು) 726 ಮಿ.ಮೀ. – 6

ಪ್ಲೈವುಡ್:
ಮೇಲ್ಹಲಗೆ, 18 ಮಿ.ಮೀ. ದಪ್ಪ, 1210×460 – 1
ಹಿಂಬದಿ, 12 ಮಿ.ಮೀ. ದಪ್ಪ, 1210×726 – 1
ಪಕ್ಕದ ಹಲಗೆ, 12 ಮಿ.ಮೀ. ದಪ್ಪ, 460×726 – 2
ಒಳತಳ, 12 ಮಿ.ಮೀ. ದಪ್ಪ, 1210×460, ಕಾಲುಗಳಿಗೆ ಕಚ್ಚು ಬಿಡಿಸಿ ಕೂರಿಸುವುದು – 1

3 ಮೀಟರ್ ಉದ್ದದ 45×90 ಪಟ್ಟಿ ಐದು, 45×45 ಪಟ್ಟಿ ಮೂರು ಬೇಕಾಗುತ್ತವೆ. ಲೆಕ್ಕಕ್ಕೆ 45×90ರಲ್ಲಿ ನಾಲ್ಕೇ ಸಾಲುತ್ತವೆ. ಆದರೆ ತುದಿಗಳಲ್ಲಿ ಒಣಗುವಾಗ ಬಿಟ್ಟ ಬಿರುಕು ಇದ್ದೇ ಇರುತ್ತದೆ, ಗರಗಸದ ಹಲ್ಲು ಪ್ರತಿ ಕಡಿತಕ್ಕೆ 3 ಮಿ.ಮೀ. ತಿನ್ನುತ್ತದೆ, ಗಂಟು ತಪ್ಪಿಸಲೂ ಜಾಗ ಬೇಕು. ಪ್ಲೈವುಡ್ 2440×1220ರ ಹಾಳೆ 12 ಮಿ.ಮೀ.ನದು ಒಂದು, 18ರದು ಒಂದು. 12ರ ಹಾಳೆಯಲ್ಲಿ ಹಿಂಬದಿ, ಎರಡು ಪಕ್ಕ, ಒಳತಳ ನಾಲ್ಕೂ ಬರುತ್ತವೆ. 18ರಲ್ಲಿ ಮೇಲ್ಹಲಗೆ ಕತ್ತರಿಸಿ ಉಳಿದದ್ದು ಬಾಗಿಲುಗಳಿಗೆ.

ಸ್ಕ್ರೂ: 5×80 ಮಿ.ಮೀ. 24, 5×70 ಮಿ.ಮೀ. ಸುಮಾರು 60, 4×35 ಮಿ.ಮೀ. ಸುಮಾರು 80, ಮೇಲ್ಹಲಗೆಗೆ 4×40 ಮಿ.ಮೀ. 14. ಸಾಧ್ಯವಾದರೆ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನವು. ಕಪ್ಪು ಡ್ರೈವಾಲ್ ಸ್ಕ್ರೂ ಬೇಡ; ಅದು ಗಡುಸು, ಬಾಗುವ ಬದಲು ಪಟ್ಟನೆ ಮುರಿಯುತ್ತದೆ, ತೇವಕ್ಕೆ ಬೇಗ ತುಕ್ಕೂ ಹಿಡಿಯುತ್ತದೆ.

ಇಡೀ ಪಟ್ಟಿಯಲ್ಲಿ ಒಂದಕ್ಕೊಂದು ಸರಿಸಮ ಇರಲೇಬೇಕಾದವು ಆರು ಕಾಲು, ಆರು ಒಳಗಾಲು. ಇವನ್ನು ಒಂದೊಂದಾಗಿ ಟೇಪಿನಲ್ಲಿ ಅಳೆದು ಕತ್ತರಿಸಬಾರದು. ಗರಗಸದ ಪಕ್ಕದಲ್ಲಿ 552 ಮಿ.ಮೀ.ಗೆ ಒಂದು ಮರದ ತುಂಡನ್ನು ತಡೆಯಾಗಿ ಬಿಗಿದು, ಪ್ರತಿ ತುಂಡನ್ನೂ ಅದಕ್ಕೆ ತಾಗಿಸಿ ಕತ್ತರಿಸಿದೆವು. ಅಳತೆ 551 ಆದರೂ ಪರವಾಗಿಲ್ಲ, ಹನ್ನೆರಡೂ 551 ಆಗಿರಬೇಕು ಅಷ್ಟೇ. ಕತ್ತರಿಸಿದ ಮೇಲೆ ಎಲ್ಲವನ್ನೂ ಸಮನಾದ ನೆಲದ ಮೇಲೆ ನಿಲ್ಲಿಸಿ, ತಲೆಗಳ ಮೇಲೆ ಕೈಯಾಡಿಸಿದರೆ ಅರ್ಧ ಮಿ.ಮೀ. ವ್ಯತ್ಯಾಸವೂ ಬೆರಳಿಗೆ ಸಿಗುತ್ತದೆ. ತಡೆಯ ಬಳಿ ಮರದ ಪುಡಿ ಕೂತರೆ ತುಂಡು ಅಷ್ಟರ ಮಟ್ಟಿಗೆ ಗಿಡ್ಡವಾಗುತ್ತದೆ, ಪ್ರತಿ ಕಡಿತಕ್ಕೂ ಮುನ್ನ ಗುಡಿಸಿಬಿಡಬೇಕು.

ಮೂಲೆಯ ರಚನೆ

ಇದೇ ಈ ಸ್ಟ್ಯಾಂಡಿನ ಜೀವಾಳ. ಮೇಲ್ಚೌಕಟ್ಟಿನಲ್ಲಿ ಎರಡು ಉದ್ದ ಪಟ್ಟಿಗಳ ನಡುವೆ ಮೂರು ಅಡ್ಡ ಪಟ್ಟಿಗಳಿವೆ. ಉದ್ದ ಪಟ್ಟಿಯ ಕೆಳಗೆ, ಅಗಲದ ಮುಖ ಮುಂದಕ್ಕೆ ಬರುವಂತೆ ಕಾಲು ನಿಲ್ಲುತ್ತದೆ. ಹೀಗಿಟ್ಟಾಗ ಕಾಲಿನ 45 ಮಿ.ಮೀ. ದಪ್ಪ ಪಟ್ಟಿಯ 45 ಮಿ.ಮೀ. ದಪ್ಪಕ್ಕೆ ನೇರ ಕೆಳಗಿರುತ್ತದೆ. ಅಷ್ಟಕ್ಕೇ ಬಿಟ್ಟರೆ ಅಡ್ಡ ಪಟ್ಟಿ ತನ್ನ ತುದಿಯ ಸ್ಕ್ರೂಗಳಿಗೆ ಜೋತುಬಿದ್ದಿರುತ್ತದೆ. ಆದ್ದರಿಂದ ಕಾಲಿನ ಒಳಬದಿಗೆ ಅಂಟಿಕೊಂಡಂತೆ, ಅಡ್ಡ ಪಟ್ಟಿಯ ತುದಿಯ ಕೆಳಗೆ 45×45ರ ಒಳಗಾಲು. ಈಗ ಮೂಲೆಯಲ್ಲಿ ಎಲ್ಲಿ ಭಾರ ಬಿದ್ದರೂ ಕೆಳಗೆ ಮರವೇ ಇದೆ.

ಮೂಲೆಯಲ್ಲಿ ಉಳಿದ ಚೌಕ ಜಾಗಕ್ಕೆ ಬರುವುದು ಜೋಡುಪಟ್ಟಿ. ಇದು ಕೆಳಚೌಕಟ್ಟಿನಿಂದ ಮೇಲ್ಚೌಕಟ್ಟಿನವರೆಗೆ ಒಂದೇ ತುಂಡಾಗಿ ಹೋಗಿ ಎರಡೂ ಚೌಕಟ್ಟು, ಕಾಲು, ಒಳಗಾಲು ನಾಲ್ಕನ್ನೂ ಹಿಡಿದುಕೊಳ್ಳುತ್ತದೆ. ಭಾರ ಹೊರುವುದು ಇದರ ಕೆಲಸವಲ್ಲ. ಅದಕ್ಕೇ ಒಟ್ಟು 732 ಮಿ.ಮೀ. ಎತ್ತರವಿದ್ದಲ್ಲಿ ಇದನ್ನು 726ಕ್ಕೆ ಕತ್ತರಿಸಿ, ಮೇಲೆ 3, ಕೆಳಗೆ 3 ಮಿ.ಮೀ. ಬಿಟ್ಟದ್ದು. ಪೂರ್ತಿ 732 ಇಟ್ಟರೆ ಮುಂದೆ ಮೇಲ್ಪಟ್ಟಿ ಅಡ್ಡಕ್ಕೆ ಒಂದು ಮಿ.ಮೀ. ಕುಗ್ಗಿದಾಗ, ಉದ್ದಕ್ಕೆ ಕುಗ್ಗದ ಜೋಡುಪಟ್ಟಿಯ ತಲೆ ಮೇಲಕ್ಕೆದ್ದು ಮೇಲ್ಹಲಗೆಯನ್ನು ಮೂಲೆಗಳಲ್ಲಿ ಎತ್ತಿಹಿಡಿಯುತ್ತದೆ. ಹಿಂಬದಿ ಮತ್ತು ಪಕ್ಕದ ಪ್ಲೈವುಡ್ ಎತ್ತರವೂ 726 ಇರುವುದು ಇದೇ ಕಾರಣಕ್ಕೆ.

ನಡುವಿನ ಕಾಲುಗಳಲ್ಲೂ ಇದೇ ಕ್ರಮ: ಉದ್ದ ಪಟ್ಟಿಯ ಕೆಳಗೆ ಕಾಲು, ನಡುವಿನ ಅಡ್ಡ ಪಟ್ಟಿಯ ಕೆಳಗೆ ಒಳಗಾಲು, ಪಕ್ಕದಲ್ಲಿ ಜೋಡುಪಟ್ಟಿ.

ಜೋಡಣೆ

ಕೆಲಸವನ್ನು ತಲೆಕೆಳಗಾಗಿ ಮಾಡಿದೆವು. ಮನೆಯಲ್ಲಿ ಸಿಗುವ ಅತ್ಯಂತ ಸಮವಾದ ನೆಲ ಆರಿಸಿ, ಗುಡಿಸಿ, ಮೇಲ್ಹಲಗೆಯನ್ನು ಮಗುಚಿ ಮಲಗಿಸಿ, ಅದರ ಮೇಲೆ ಮೇಲ್ಚೌಕಟ್ಟನ್ನು ಕೂಡಿಸಿ, ಅದರ ಮೇಲೆ ಕಾಲು, ಕೊನೆಗೆ ಕೆಳಚೌಕಟ್ಟು. ಹೀಗೆ ಮಾಡಿದರೆ ಮರದ ಸಣ್ಣಪುಟ್ಟ ಅಳತೆಯ ವ್ಯತ್ಯಾಸವೆಲ್ಲ ನೆಲದ ಕಡೆಗೆ ಹೋಗಿ ಸೇರುತ್ತದೆ, ಅಲ್ಲಿ ಬೆಣೆ ಕೊಟ್ಟು ಸರಿಪಡಿಸಬಹುದು. ನೆಟ್ಟಗೆ ನಿಲ್ಲಿಸಿಕೊಂಡು ಕೆಳಗಿನಿಂದ ಕಟ್ಟುತ್ತ ಬಂದರೆ ಅದೇ ವ್ಯತ್ಯಾಸ ಗಾಜು ಕೂರುವ ಜಾಗದಲ್ಲಿ ಪ್ರತ್ಯಕ್ಷವಾಗುತ್ತದೆ.

ಮೊದಲು ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ, ಪ್ರತಿ ತುಂಡಿಗೂ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು. ಅಂಟು ಡಿ3 ದರ್ಜೆಯದ್ದು, ತೇವ ತಾಳುವಂಥದ್ದು. ಸಾಮಾನ್ಯ ಬಿಳಿ ಅಂಟು ತೇವಕ್ಕೆ ಮತ್ತೆ ಮೆದುವಾಗುತ್ತದೆ. ಅಡ್ಡ ಪಟ್ಟಿಯ ಕತ್ತರಿಸಿದ ತುದಿ ಅಂಟನ್ನು ಹೀರಿಬಿಡುತ್ತದೆ; ತೆಳುವಾಗಿ ಒಮ್ಮೆ ಸವರಿ ಐದು ನಿಮಿಷ ಬಿಟ್ಟು, ಇನ್ನೊಮ್ಮೆ ಹಚ್ಚಿ ಕೂಡಿಸಿದರೆ ಹಿಡಿತ ಬರುತ್ತದೆ.

ಸ್ಕ್ರೂ ತೂತಿನ ವಿಚಾರದಲ್ಲಿ ಅವಸರ ಸಲ್ಲದು. 5 ಮಿ.ಮೀ. ಸ್ಕ್ರೂಗೆ ಮೊದಲ ತುಂಡಿನಲ್ಲಿ 5 ಮಿ.ಮೀ. ತೂತು, ಎರಡನೆಯದರಲ್ಲಿ 3 ಮಿ.ಮೀ. ತೂತು, ಗಟ್ಟಿ ಮರವಾದರೆ 3.5. ಮೊದಲ ತುಂಡಿನಲ್ಲಿ ಸ್ಕ್ರೂ ಸಡಿಲವಾಗಿ ಹಾಯಬೇಕು. ಅಲ್ಲಿಯೂ ಅದರ ಎಳೆಗಳು ಕಚ್ಚಿಕೊಂಡರೆ ಎರಡು ತುಂಡುಗಳ ನಡುವೆ ಇರುವ ಸಂದು ಹಾಗೆಯೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಎಷ್ಟೋ ಜನ ಡ್ರಿಲ್ಲಿಗೆ ಬಲ ಸಾಲದೆಂದು ತಿಳಿದು ಇನ್ನಷ್ಟು ಬಿಗಿದು ಮರ ಸೀಳಿಸುವುದು ಈ ಹಂತದಲ್ಲೇ. ಅಡ್ಡ ಪಟ್ಟಿಯ ಪ್ರತಿ ತುದಿಗೆ 5×80ರ ಎರಡು ಸ್ಕ್ರೂ, ಮೇಲಂಚಿನಿಂದ ಮತ್ತು ಕೆಳಂಚಿನಿಂದ 20 ಮಿ.ಮೀ. ಒಳಗೆ. ಜೋಡುಪಟ್ಟಿಯ ಸ್ಕ್ರೂಗಳು ಇವಕ್ಕೆ ಡಿಕ್ಕಿ ಹೊಡೆಯದಂತೆ 35 ಮತ್ತು 55 ಮಿ.ಮೀ. ಎತ್ತರದಲ್ಲಿ ಬರಲಿ.

ಚೌಕಟ್ಟು ಬಿಗಿಯುವ ಮುನ್ನ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದೆವು. 1210×460ಕ್ಕೆ ಕರ್ಣ 1294.5 ಮಿ.ಮೀ. ಬರಬೇಕು. ಅದಕ್ಕಿಂತ ಮುಖ್ಯವಾದದ್ದು ಎರಡೂ ಕರ್ಣ ಒಂದೇ ಇರುವುದು. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ, ಉದ್ದವಿರುವ ಕರ್ಣದ ದಿಕ್ಕಿಗೆ ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಬಿಗಿದರೆ ಚೌಕಟ್ಟು ಚೌಕಕ್ಕೆ ಬರುತ್ತದೆ. ಅಂಟು ಕುಡಿದು ಗಟ್ಟಿಯಾಗಲು ಒಂದು ಗಂಟೆ ಕ್ಲ್ಯಾಂಪಿನಲ್ಲಿರಲಿ, ಪೂರ್ತಿ ಬಲ ಬರಲು ಒಂದು ದಿನ ಬೇಕು.

ಕಾಲುಗಳೆಲ್ಲ ಕೂತ ಮೇಲೂ ಈ ಹಂತದಲ್ಲಿ ಸ್ಟ್ಯಾಂಡನ್ನು ಪಕ್ಕಕ್ಕೆ ತಳ್ಳಿದರೆ ಅಲ್ಲಾಡುತ್ತದೆ. ಅದು ಸಹಜ. ಅಲ್ಲಾಟ ನಿಲ್ಲಿಸುವುದು ಹಿಂಬದಿಯ 12 ಮಿ.ಮೀ. ಪ್ಲೈವುಡ್. ಅಂಟು ಹಚ್ಚಿ, ಸುತ್ತಲೂ ಮತ್ತು ನಡುಗಾಲಿನ ಉದ್ದಕ್ಕೂ 150 ಮಿ.ಮೀ.ಗೊಂದರಂತೆ 4×35 ಸ್ಕ್ರೂ ಹೊಡೆದ ಕೂಡಲೇ ಉದ್ದದ ದಿಕ್ಕಿನ ಓಲಾಟ ಪೂರ್ತಿ ಹೋಗುತ್ತದೆ. ಪಕ್ಕದ ಎರಡು ಹಲಗೆ ಹಿಂದು ಮುಂದಿನ ಓಲಾಟ ನಿಲ್ಲಿಸುತ್ತವೆ. ಅಂದಕ್ಕೆಂದು ಹಿಂಬದಿ ತೆರೆದಿಡುವವರು, ಅಥವಾ 3 ಮಿ.ಮೀ. ಹಾಳೆಗೆ ಸಣ್ಣ ಮೊಳೆ ಹೊಡೆದು ಮುಗಿಸುವವರು, ಸ್ಟ್ಯಾಂಡಿನ ಅರ್ಧ ಬಲವನ್ನೇ ಬಿಟ್ಟುಕೊಡುತ್ತಾರೆ. ನೀರು ತುಂಬಿದ ತೊಟ್ಟಿಗೆ ಯಾರೋ ಒರಗಿದಾಗ ಬರುವ ತಳ್ಳುವಿಕೆ ಪಕ್ಕದ ದಿಕ್ಕಿನದು. ಅದನ್ನು ಕಾಲಿನ ದಪ್ಪ ತಡೆಯುವುದಿಲ್ಲ. ಪೈಪಿಗೆ, ವೈರಿಗೆ ತೂತು ಬೇಕಾದರೆ 50–60 ಮಿ.ಮೀ. ಹೋಲ್ ಸಾದಿಂದ ಹಿಂಬದಿಯ ಪ್ಲೈವುಡ್‌ನಲ್ಲಿ, ಪಟ್ಟಿಗಳಿಂದ ದೂರ ಕೊರೆಯಬೇಕು. ಮೇಲ್ಪಟ್ಟಿಯನ್ನು ಕೊರೆಯಬಾರದು.

ಮೇಲ್ಹಲಗೆಗೆ ಅಂಟು ಹಾಕಲಿಲ್ಲ. ಮುಂದೊಂದು ದಿನ ಅದು ನೀರು ಕುಡಿದರೆ ಬಿಚ್ಚಿ ಬದಲಾಯಿಸಲು ಬರಬೇಕು. ಸ್ಕ್ರೂ ತಲೆಗಳು ಮೇಲ್ಮೈಯಿಂದ 2 ಮಿ.ಮೀ. ಒಳಗಿಳಿದು, ಮೇಲೆ ಪುಟ್ಟಿ ತುಂಬಿ ಸಮ ಮಾಡಿರಬೇಕು.

ಮಟ್ಟ ನೋಡುವುದು

ಮಟ್ಟ ಬೇರೆ, ಸಮತಲ ಬೇರೆ. ಸ್ಟ್ಯಾಂಡ್ ಒಂದು ಕಡೆಗೆ ತುಸು ವಾಲಿದ್ದರೂ ಮೇಲ್ಮೈ ಸಮತಲವಾಗಿದ್ದರೆ ಗಾಜಿಗೆ ಹೆಚ್ಚಿನ ಅಪಾಯವಿಲ್ಲ. ತಿರುಚಿಕೊಂಡಿದ್ದರೆ ಮೂರು ಮೂಲೆಗಳು ಭಾರ ಹೊತ್ತು ನಾಲ್ಕನೆಯದು ಗಾಳಿಯಲ್ಲಿರುತ್ತದೆ. ಗಾಜಿನ ತಳ ಬಾಗಲು ನೋಡುತ್ತದೆ, ಆ ಎಳೆತ ಸಿಲಿಕಾನ್ ಬೆಸುಗೆಗೆ ಹೋಗುತ್ತದೆ. ಬೆಸುಗೆ ಅಂದೇ ಬಿಡುವುದಿಲ್ಲ, ತಿಂಗಳುಗಳ ಮೇಲೆ ಜಿನುಗಲು ಶುರುವಾಗುತ್ತದೆ, ಆಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ತಿರುಚು ನೋಡಲು ಎರಡು ನೇರ ಅಲ್ಯೂಮಿನಿಯಂ ಪಟ್ಟಿಗಳನ್ನು ಸ್ಟ್ಯಾಂಡಿನ ಎರಡು ತುದಿಗಳಲ್ಲಿ ಅಡ್ಡಡ್ಡ ಇಟ್ಟು, ಕೆಳಗೆ ಬಗ್ಗಿ ಒಂದರ ಮೇಲಂಚಿನಿಂದ ಇನ್ನೊಂದನ್ನು ನೋಡಿದೆವು. ಎರಡೂ ಅಂಚು ಸಮಾಂತರ ಕಂಡರೆ ತಿರುಚಿಲ್ಲ. ತಗ್ಗು ನೋಡಲು ಉದ್ದನೆಯ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಕರ್ಣಕ್ಕೆ ಇಟ್ಟು ಕೆಳಗೆ ಬ್ಯಾಂಕ್ ಕಾರ್ಡ್ ತೂರಿಸಿ ನೋಡಬೇಕು. ಕಾರ್ಡಿನ ದಪ್ಪ 0.76 ಮಿ.ಮೀ. ಅದು ಎಲ್ಲಿಯಾದರೂ ಒಳಗೆ ಹೋದರೆ ಆ ಜಾಗ ಕೆಲಸ ಕೇಳುತ್ತಿದೆ. ಸಾಮಾನ್ಯ ಬರೆಯುವ ಹಾಳೆ ಸುಮಾರು 0.1 ಮಿ.ಮೀ. ದಪ್ಪವಿರುವುದರಿಂದ ಹಾಳೆ ಎಣಿಸಿ ತೂರಿಸಿದರೆ ಸಂದಿನ ನಿಖರ ಅಳತೆಯೂ ಸಿಗುತ್ತದೆ. ಉಬ್ಬಿದ್ದರೆ ಮೇಲ್ಹಲಗೆ ಬಿಚ್ಚಿ ಪಟ್ಟಿಯ ಅಂಚನ್ನು ಕೀಸುಳಿಯಿಂದ ತೆಗೆಯಬೇಕು, ಹಲಗೆಯನ್ನಲ್ಲ.

ಚೌಕಟ್ಟಿಲ್ಲದ ಗಾಜಿನ ತೊಟ್ಟಿಗೆ ಅಡಿಯಲ್ಲಿ 5 ಮಿ.ಮೀ. ಫೋಮ್ ಹಾಸು ಬೇಕು. ಅದು ಮರಳಿನ ಕಣ, ಸಣ್ಣ ಏರುತಗ್ಗನ್ನು ನುಂಗಿಕೊಳ್ಳುತ್ತದೆ. ತಿರುಚನ್ನು ಮುಚ್ಚಿಹಾಕುವ ಶಕ್ತಿ ಅದಕ್ಕಿಲ್ಲ, ಆ ಆಸೆಯಿಂದ ಎರಡು ಪದರ ಹಾಕುವುದು ತಪ್ಪು. ಸುತ್ತ ಪ್ಲಾಸ್ಟಿಕ್ ಚೌಕಟ್ಟಿರುವ ತೊಟ್ಟಿಗೆ ಫೋಮ್ ಹಾಕಲೇಬಾರದು. ಅದರ ತಳದ ಗಾಜು ಹಲಗೆಯಿಂದ ಮೇಲಕ್ಕಿರುವಂತೆಯೇ ಮಾಡಿರುತ್ತಾರೆ. ಫೋಮ್ ಉಬ್ಬಿ ಗಾಜನ್ನು ಒತ್ತಿದರೆ ಭಾರ ಚೌಕಟ್ಟಿನಿಂದ ತಪ್ಪಿ ಗಾಜಿನ ನಡುವಿಗೆ ಬರುತ್ತದೆ.

ಬಣ್ಣ ಮತ್ತು ನೀರಿನ ತಡೆ

120, 180, 220 ನಂಬರಿನ ಸ್ಯಾಂಡ್‌ಪೇಪರ್ ಕ್ರಮವಾಗಿ ಉಜ್ಜಿ, ಪಾಲಿಯುರಿಥೇನ್ ವಾರ್ನಿಷ್ ಮೂರು ಕೋಟು. ಮೊದಲನೆಯದನ್ನು ಹತ್ತನೇ ಒಂದು ಪಾಲು ತಿನ್ನರ್ ಸೇರಿಸಿ ತೆಳು ಮಾಡಿದರೆ ಮರದೊಳಕ್ಕೆ ಇಳಿಯುತ್ತದೆ. ಕೋಟುಗಳ ನಡುವೆ 320ರಿಂದ ಹಗುರವಾಗಿ ಉಜ್ಜಬೇಕು. ಜನ ಕಣ್ಣಿಗೆ ಕಾಣುವ ಮುಖಗಳಿಗೆ ಮೂರು ಕೋಟು ಕೊಟ್ಟು ಒಳಬದಿಗೆ ಒಂದು ಕೊಡುತ್ತಾರೆ; ನೀರು ಚೆಲ್ಲುವುದು ಒಳಗೆ. ಪ್ಲೈವುಡ್‌ನ ಅಂಚು, ಕೊರೆದ ತೂತಿನ ಒಳಮೈ, ಕೆಳಪಟ್ಟಿಗಳ ತಳ, ಕತ್ತರಿಸಿದ ತುದಿಗಳು ಕುಡಿಯುವುದು ನಿಲ್ಲಿಸುವವರೆಗೆ ಹಚ್ಚಬೇಕು. ಒಳಭಾಗಕ್ಕೆ ಬಿಳಿ ಬಣ್ಣ ಬಳಿದರೆ ಫಿಲ್ಟರಿನ ಸಣ್ಣ ಜಿನುಗೂ ಬೇಗ ಕಣ್ಣಿಗೆ ಬೀಳುತ್ತದೆ.

ಒಳತಳದ ಸುತ್ತ 30 ಮಿ.ಮೀ. ಎತ್ತರದ ಪಟ್ಟಿ ಕಟ್ಟಿ, ಕಾಲುಗಳ ಸುತ್ತಲೂ ಸೇರಿ ಎಲ್ಲ ಸಂದಿಗೂ ಸಿಲಿಕಾನ್ ಎಳೆದರೆ ಸುಮಾರು ಹತ್ತು ಲೀಟರ್ ನೀರು ಅಲ್ಲಿಯೇ ನಿಲ್ಲುತ್ತದೆ. ಫಿಲ್ಟರ್ ತೊಳೆಯಲು ಬಿಚ್ಚಿದಾಗ ಚೆಲ್ಲುವುದು ಇದಕ್ಕಿಂತ ಕಡಿಮೆಯೇ.

ವಾರ್ನಿಷ್ ಕೈಗೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ವಾರಗಳು ಬೇಕು. ವಾಸನೆ ಪೂರ್ತಿ ಹೋಗುವವರೆಗೆ ಮೀನಿರುವ ಕೋಣೆಗೆ ತರಬಾರದು. ಗಾಳಿ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ತಾಮ್ರ ಬೆರೆತ ಮರರಕ್ಷಕ ಬಳಿದ ಮರವನ್ನು ತೊಟ್ಟಿಯ ಮೇಲ್ಭಾಗಕ್ಕೆ, ಮುಚ್ಚಳಕ್ಕೆ ಬಳಸುವಂತಿಲ್ಲ. ಅದರಿಂದ ತೊಟ್ಟಿಕ್ಕುವ ನೀರು ಸೀಗಡಿ, ಬಸವನಹುಳುಗಳಿಗೆ ವಿಷ.

ವಿದ್ಯುತ್ತಿನ ಪ್ಲಗ್ ಪಟ್ಟಿಯನ್ನು ಒಳಗೆ ಪಕ್ಕದ ಹಲಗೆಯ ಮೇಲ್ಭಾಗಕ್ಕೆ ಕಟ್ಟಿ, ಪ್ರತಿ ವೈರನ್ನೂ ಪ್ಲಗ್‌ಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತಂದೆವು. ವೈರಿನ ಮೇಲೆ ಹರಿದು ಬರುವ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ, ಪ್ಲಗ್ ಮುಟ್ಟುವುದಿಲ್ಲ. ಆ ಸಾಲಿಗೆ 30 ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ ಇರಲೇಬೇಕು. ಬಾಗಿಲುಗಳ ನಡುವೆ 3 ಮಿ.ಮೀ. ಸಂದು, ಕೀಲುಗಳು ತುಕ್ಕು ಹಿಡಿಯದವು. ಅಲ್ಲಿ ಹೆಚ್ಚು ಹೇಳುವುದಿಲ್ಲ.

ನಿಲ್ಲಿಸುವುದು, ತುಂಬುವುದು

ತೊಟ್ಟಿ, ಸ್ಟ್ಯಾಂಡ್ ಸೇರಿ 370 ಕೆ.ಜಿ. ಸಮೀಪ. ಅದು ಕೂರುವ ಜಾಗ ಅರ್ಧ ಚದರ ಮೀಟರಿಗಿಂತ ತುಸು ಹೆಚ್ಚು, ಅಂದರೆ ಚದರ ಮೀಟರಿಗೆ 650 ಕೆ.ಜಿ. ದಾಟುತ್ತದೆ. ವಾಸದ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಹರಡಿದ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ನೆಲಮಾಳಿಗೆಯಲ್ಲದ ಮಹಡಿಯಲ್ಲಿ ಇಡುವುದಾದರೆ ಭಾರ ಹೊರುವ ಗೋಡೆಗೆ ಒತ್ತಿ, ತೊಲೆಯ ಸಮೀಪ ಇಡಬೇಕು. ಕೋಣೆಯ ನಡುವೆ ಬೇಡ. ಮರದ ನೆಲವಾದರೆ ಎಂಜಿನಿಯರ್ ನೋಡಿ ಒಪ್ಪದೆ ಮುಂದುವರಿಯಬಾರದು.

ಆರೂ ಕಾಲುಗಳ ನೇರ ಕೆಳಗೆ ಗಟ್ಟಿ ರಬ್ಬರಿನ 5 ಮಿ.ಮೀ. ಬಿಲ್ಲೆ ಇಟ್ಟೆವು. ನೆಲ ಒರೆಸುವ ನೀರು ಕೆಳಪಟ್ಟಿಗೆ ತಗಲುವುದಿಲ್ಲ, ನೆಲದ ಉಬ್ಬುಗಳ ಮೇಲೆ ಸ್ಟ್ಯಾಂಡ್ ಕುಣಿಯುವುದೂ ಇಲ್ಲ. ಮಟ್ಟ ಸರಿಪಡಿಸುವ ಬೆಣೆ ಹೋಗಬೇಕಾದದ್ದು ಬಿಲ್ಲೆಯ ಕೆಳಗೆ, ಎಂದಿಗೂ ತೊಟ್ಟಿ ಮತ್ತು ಹಲಗೆಯ ನಡುವೆ ಅಲ್ಲ. ಬೆಣೆ ಪ್ಲಾಸ್ಟಿಕ್ ಅಥವಾ ಗಟ್ಟಿ ಮರದ್ದಿರಲಿ. ರಟ್ಟು ತೇವಕ್ಕೆ ಮೆತ್ತಗಾಗಿ ಕುಸಿಯುತ್ತದೆ. ಉದ್ದಕ್ಕೆ 3 ಮಿ.ಮೀ. ಒಳಗಿನ ವಾಲು ಸಾಕು. ಮಕ್ಕಳಿರುವ ಮನೆಯಲ್ಲಿ ಹಿಂಬದಿಯಿಂದ ಗೋಡೆಗೆ ಎರಡು ಎಲ್ ಬ್ರಾಕೆಟ್ ಬಿಗಿಯಬೇಕು.

ತುಂಬುವಾಗ ಕಾಲು ಭಾಗ ತುಂಬಿ ನಿಲ್ಲಿಸಿ, ನೀರಿನ ಅಂಚಿನಿಂದ ತೊಟ್ಟಿಯ ಮೇಲಂಚಿಗೆ ನಾಲ್ಕು ಮೂಲೆಯಲ್ಲೂ ಅಳೆದೆವು. ನೀರಿಗಿಂತ ನಿಖರವಾದ ಮಟ್ಟಗೋಲು ಇಲ್ಲ. ಈ ಹಂತದಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನೀರು ಪೂರ್ತಿ ಖಾಲಿ ಮಾಡಿ ಬೆಣೆ ಸರಿಪಡಿಸಬೇಕು. ನೀರಿರುವಾಗಲೇ ಸ್ಟ್ಯಾಂಡ್ ಎತ್ತಿ ಬೆಣೆ ತಳ್ಳಿದರೆ ತೊಟ್ಟಿ ತಿರುಚುತ್ತದೆ. ಸರಿಯಿದ್ದರೆ ಅರ್ಧಕ್ಕೆ ಏರಿಸಿ ಒಂದು ರಾತ್ರಿ ಬಿಟ್ಟು, ಮತ್ತೆ ಅಳೆದು, ಆಮೇಲೆ ಪೂರ್ತಿ. ಪೂರ್ತಿ ತುಂಬಿದ ದಿನ ನಾಲ್ಕು ಮೂಲೆಗಳ ಅಳತೆಯನ್ನು ಬಾಗಿಲಿನ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟೆವು. ಒಂದು ವಾರಕ್ಕೆ, ಒಂದು ತಿಂಗಳಿಗೆ, ಆಮೇಲೆ ಮಳೆಗಾಲ ಮತ್ತು ಬೇಸಿಗೆ ಮುಗಿದಾಗೊಮ್ಮೆ ಹೋಲಿಸಿ ನೋಡಬೇಕು. ಮೊದಲ ತಿಂಗಳಲ್ಲಿ ಒಂದು ಮಿ.ಮೀ. ಇಳಿದು ನಿಂತರೆ ಬಿಲ್ಲೆಗಳು ಕೂತಿವೆ, ಅಷ್ಟೇ. ಒಂದೇ ಮೂಲೆ ಮಾತ್ರ ಇಳಿಯುತ್ತಲೇ ಹೋಗುತ್ತಿದ್ದರೆ, ತೊಟ್ಟಿಯ ನೀರನ್ನು ಕಾಲು ಭಾಗಕ್ಕೆ ಇಳಿಸಿ, ಆ ಮೂಲೆಯ ಕೆಳಪಟ್ಟಿಯ ತಳ ಒದ್ದೆಯಿದೆಯೇ ಎಂದು ಮೊದಲು ಅಲ್ಲಿ ಕೈಯಿಟ್ಟು ನೋಡಬೇಕು.